ಪದ ಪರಿಚಯ: ಕ್ಷೇತ್ರಟಿಪ್ಪಣಿ

ಉಪಸಂಸ್ಕೃತಿಗಳನ್ನು ಅಭ್ಯಾಸ ಮಾಡುವವರ ಮೂಲ ಸರಕು ಕ್ಷೇತ್ರಟಿಪ್ಪಣಿ. ಒಂದು ಗುಂಪಿನ ನಡುವೆ ತಿಂಗಳುಗಟ್ಟಲೆ ಇದ್ದು, ಕಂಡದ್ದು ಕೇಳಿದ್ದನ್ನು ಅಂದಂದೇ ಬರೆದಿಟ್ಟ ದಾಖಲೆ ಅದು. ಉಪಸಂಸ್ಕೃತಿಯ ‘ಉಪ’ವನ್ನು ಉಪಾಧ್ಯಕ್ಷರ ‘ಉಪ’ದಂತೆ ಓದಬಾರದು, ಉಪಭಾಷೆಯ ‘ಉಪ’ದಂತೆ ಓದಬೇಕು. ದೊಡ್ಡ ಸಮಾಜದೊಳಗೇ ಇದ್ದು ತನ್ನದೇ ಮಾತು, ವೇಷ, ಮಾನ-ಮರ್ಯಾದೆಯ ಲೆಕ್ಕ ಇಟ್ಟುಕೊಂಡ ಗುಂಪು ಉಪಸಂಸ್ಕೃತಿ. ನಟರ ಅಭಿಮಾನಿ ಸಂಘವೂ ಹೌದು, ಬೈಕ್ ಕ್ಲಬ್ಬೂ ಹೌದು.

ಈ ಬಗೆಯ ನಗರ ಅಧ್ಯಯನಕ್ಕೆ ಗಟ್ಟಿ ನೆಲೆ ಸಿಕ್ಕಿದ್ದು 1920ರ ದಶಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ. ಆದರೆ ಕಲಿಯುವವರಿಗೆ ಹೆಚ್ಚು ಒದಗುವುದು ಅಮೆರಿಕದ ಸಮಾಜಶಾಸ್ತ್ರಜ್ಞ ವಿಲಿಯಂ ಫೂಟ್ ವೈಟ್ ಬಾಸ್ಟನ್ನಿನ ಇಟಾಲಿಯನ್ ಕೇರಿಯಲ್ಲಿ ಮಾಡಿ 1943ರಲ್ಲಿ ಪ್ರಕಟಿಸಿದ ಕೆಲಸ. ಯಾರು, ಏನು, ಏಕೆ ಎಂದು ಕೆದಕಬೇಡ, ಸುಮ್ಮನೆ ಜೊತೆಗಿದ್ದರೆ ಉತ್ತರ ತಾನಾಗಿ ಬರುತ್ತದೆ ಎಂದು ಅವರಿಗೆ ಹೇಳಿಕೊಟ್ಟವನು ಬೀದಿ ಹುಡುಗರ ಮುಂದಾಳು ‘ಡಾಕ್’. ಒಮ್ಮೆ ವೈಟ್ ಆ ಹುಡುಗರಂತೆಯೇ ಬೈಗುಳ ಬಳಸಿದಾಗ, ನಡೆಯುತ್ತಿದ್ದ ಹುಡುಗರು ನಿಂತೇಬಿಟ್ಟರು. ಹೊರಗಿನವನು ತಮ್ಮಂತೆ ಆಡಲಿ ಎಂದು ಅವರು ಬಯಸಿರಲಿಲ್ಲ.

ಸ್ಥಳದಲ್ಲಿ ಬರೆಯುವುದು ತುಣುಕುಗಳನ್ನಷ್ಟೆ: ಒಂದು ಹೆಸರು, ಅರ್ಧ ಸಾಲು, ವಿಚಿತ್ರವೆನಿಸಿದ ಒಂದು ಪದ. ಪೂರ್ತಿ ಟಿಪ್ಪಣಿ ಅದೇ ರಾತ್ರಿ, ಮಲಗುವ ಮೊದಲು, ಬೇರೆಯವರಿಗೆ ಆ ಕಥೆ ಹೇಳುವುದಕ್ಕೂ ಮೊದಲು. ಒಮ್ಮೆ ಬಾಯಲ್ಲಿ ಹೇಳಿದರೆ ಅದು ನುಣುಪಾಗಿಬಿಡುತ್ತದೆ. ಒಂದು ಗಂಟೆ ನೋಡಿದ್ದಕ್ಕೆ ಬರೆಯಲು ಕನಿಷ್ಠ ಒಂದು ಗಂಟೆ ಇಟ್ಟುಕೊಳ್ಳಿ. ಯಥಾವತ್ತಾಗಿ ನೆನಪಿರುವ ಮಾತಿಗೆ ಜೋಡಿ ಉದ್ಧರಣ ಚಿಹ್ನೆ, ಸಾರಾಂಶಕ್ಕೆ ಒಂಟಿ ಚಿಹ್ನೆ, ನಿಮ್ಮ ಅನಿಸಿಕೆಗೆ ಚೌಕ ಕಂಸ. ಮೂರೂ ಬೆರೆತರೆ ಆರು ತಿಂಗಳ ಮೇಲೆ ಯಾವುದು ಅವರದು, ಯಾವುದು ನಿಮ್ಮದು ಎಂದು ನಿಮಗೇ ತಿಳಿಯುವುದಿಲ್ಲ.

“ಅಭಿಮಾನಿಗಳು ಸಂಭ್ರಮದಿಂದ ಕಟೌಟಿಗೆ ಹಾಲೆರೆದರು” ಎಂಬುದು ಪತ್ರಿಕೆಯ ವರದಿ. ಟಿಪ್ಪಣಿ ಹೇಗಿರಬೇಕೆಂದು ತೋರಿಸಲು ಒಂದು ಕಟ್ಟಿದ ಮಾದರಿ:

ಬೆಳಿಗ್ಗೆ 5.40. ಥಿಯೇಟರ್ ಮುಂದೆ 14 ಜನ. ಕಟೌಟ್ ಹತ್ತಿದವರು ಇಬ್ಬರು. ಪ್ಯಾಕೆಟ್ ಹರಿಯಲು ಹೊರಟವನಿಗೆ ಕೆಳಗಿನಿಂದ ಒಬ್ಬ: “ತಡಿಯೋ, ಅಧ್ಯಕ್ಷರು ಬರ್ಲಿ.” [ಮೊದಲು ಎರೆಯುವವರು ಯಾರು ಎಂಬುದಕ್ಕೆ ಕ್ರಮವಿದೆಯೇ? ಮುಂದಿನ ರಿಲೀಸಿಗೆ ನೋಡಬೇಕು.]

‘ಸಂಭ್ರಮ’ ಎಂಬ ಪದ ಇಲ್ಲಿಲ್ಲ, ಸಂಘದೊಳಗಿನ ಮೇಲು-ಕೆಳಗಿನ ಸುಳಿವಿದೆ.

ಹೆಚ್ಚಾಗಿ ಕೆಡುವುದು ಎರಡು ಕಡೆ. ಮುಂದಾಳು ಮೊದಲು ಪರಿಚಯವಾಗುತ್ತಾನೆ, ಚೆನ್ನಾಗಿ ಮಾತಾಡುತ್ತಾನೆ, ಕಡೆಗೆ ಅವನ ಗುಂಪೇ ಇಡೀ ಗುಂಪು ಎಂದಾಗಿಬಿಡುತ್ತದೆ. ಅಂಚಿನಲ್ಲಿ ನಿಂತವರನ್ನು, ಬಿಟ್ಟುಹೋದವರನ್ನು ಹುಡುಕಿಕೊಂಡು ಹೋಗಬೇಕು. ಇನ್ನೊಂದು, ವೇಷ ನೋಡಿ ಅರ್ಥ ಹೇಳುವುದು. 1970ರ ದಶಕದ ಬ್ರಿಟನ್ನಿನ ಪಂಕ್ ಎಂಬ ಸಂಗೀತ-ವೇಷದ ಗುಂಪಿನ ಹುಡುಗರು ಬಟ್ಟೆಗೆ ಚುಚ್ಚಿಕೊಳ್ಳುತ್ತಿದ್ದ ಸೇಫ್ಟಿ ಪಿನ್ನಿನಲ್ಲಿ ಪ್ರತಿರೋಧವನ್ನು ಓದಿದ ವಿದ್ವಾಂಸರಿಗೆ, ಧರಿಸಿದವರನ್ನು ಕೇಳಿದಿರಾ ಎಂಬ ಆಕ್ಷೇಪ ಬಂತು. ಆ ಆಕ್ಷೇಪ ನ್ಯಾಯವಾದದ್ದೇ.

ಟಿಪ್ಪಣಿಯ ಪ್ರತಿಗಳ ವಿಷಯಕ್ಕೆ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರನ್ನು ನೆನೆಯಬೇಕು. ರಾಂಪುರವೆಂದು ಅವರು ಕರೆದ ಹಳ್ಳಿಯ ಮೇಲಿನ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಬೆಂಕಿಯಲ್ಲಿ ಸುಟ್ಟುಹೋದವು, ಮೂರೂ ಒಂದೇ ಕೋಣೆಯಲ್ಲಿದ್ದವು. ಪ್ರತಿಗಳನ್ನು ಬೇರೆ ಬೇರೆ ಕಡೆ ಇಡಿ. ಟಿಪ್ಪಣಿಯಲ್ಲಿ ಬದಲಿ ಹೆಸರನ್ನೇ ಬಳಸಿ, ನಿಜ ಹೆಸರುಗಳ ಪಟ್ಟಿಯನ್ನು ಮಾತ್ರ ಆ ಪ್ರತಿಗಳ ಜೊತೆ ಎಲ್ಲಿಯೂ ಇಡಬೇಡಿ.