ಪಥ್ಯ ಸರಿಯಾಗಿ ಮಾಡಿದರೆ ಮಗುವಿನ ಇನ್ಸುಲಿನ್ ಬಿಡಿಸಬಹುದಾ?

ಪ್ರಶ್ನೆ: ನಮ್ಮ ಮಗಳಿಗೆ ಒಂಬತ್ತು ವರ್ಷ. ನಾಲ್ಕು ತಿಂಗಳ ಹಿಂದೆ ಟೈಪ್ 1 ಡಯಾಬಿಟಿಸ್ ಅಂತ ಗೊತ್ತಾಯಿತು. ಸಿಹಿ ನಿಲ್ಲಿಸಿದ್ದೇವೆ, ಅನ್ನದ ಬದಲು ಮುದ್ದೆ ಕೊಡುತ್ತಿದ್ದೇವೆ. ಇನ್ಸುಲಿನ್ ಡೋಸ್ ಈಗ ತುಂಬಾ ಇಳಿದಿದೆ. ಹೀಗೇ ಪಥ್ಯ ಮಾಡಿದರೆ ಪೂರ್ತಿ ಬಿಡಿಸಬಹುದಾ? ಸೂಜಿ ಅಭ್ಯಾಸ ಆಗಿಬಿಡುತ್ತೆ ಅಂತ ನೆಂಟರು ಹೇಳುತ್ತಿದ್ದಾರೆ.

ಉತ್ತರ: ಬಿಡಿಸಬೇಡಿ. ಒಂದು ದಿನಕ್ಕೂ ಬೇಡ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಮತ್ತೆ ಬರುತ್ತದೆ. ಬರುವುದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನಮ್ಮ ಸುತ್ತ ಇರುವ ಶುಗರ್ ಎಲ್ಲ ದೊಡ್ಡವರ ಶುಗರ್. ತಾತ ವಾಕಿಂಗ್ ಮಾಡಿದರು, ತೂಕ ಇಳಿಸಿದರು, ಡಾಕ್ಟರ್ ಒಂದು ಮಾತ್ರೆ ಕಡಿಮೆ ಮಾಡಿದರು. ಅದು ಟೈಪ್ 2. ಅಲ್ಲಿ ಮೈಯಲ್ಲಿ ಇನ್ಸುಲಿನ್ ಇರುತ್ತದೆ, ಸರಿಯಾಗಿ ಕೆಲಸ ಮಾಡುತ್ತಿರುವುದಿಲ್ಲ. ನಿಮ್ಮ ಮಗಳದ್ದು ಬೇರೆಯೇ ಕಾಯಿಲೆ. ರೋಗಗಳ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಕೋಶಗಳನ್ನು ನಾಶಮಾಡಿದೆ. ಅವಳು ಜಾಸ್ತಿ ಚಾಕಲೇಟ್ ತಿಂದದ್ದರಿಂದ ಹೀಗಾಗಿಲ್ಲ. ನೀವು ಸಿಹಿ ಕೊಟ್ಟದ್ದರಿಂದಲೂ ಆಗಿಲ್ಲ. ದಯವಿಟ್ಟು ಇದನ್ನು ಮಗುವಿಗೂ ಬಾಯಿಬಿಟ್ಟು ಹೇಳಿ.

ಹಾಗಾದರೆ ಡೋಸ್ ಯಾಕೆ ಇಳಿಯಿತು? ಎಲ್ಲ ಗೊಂದಲದ ಬೇರು ಇಲ್ಲೇ ಇದೆ. ಇನ್ಸುಲಿನ್ ಶುರುವಾದ ಕೆಲವು ವಾರಗಳಲ್ಲಿ, ಉಳಿದಿರುವ ಸ್ವಲ್ಪ ಕೋಶಗಳು ಸುಧಾರಿಸಿಕೊಂಡು ಮತ್ತೆ ಕೆಲಸ ಮಾಡುತ್ತವೆ. ಡಾಕ್ಟರುಗಳು ಇದನ್ನು ಹನಿಮೂನ್ ಅವಧಿ ಅನ್ನುತ್ತಾರೆ. ಕೆಲವರಿಗೆ ಕೆಲವು ವಾರ, ಹಲವರಿಗೆ ಕೆಲವು ತಿಂಗಳು, ಒಮ್ಮೊಮ್ಮೆ ವರ್ಷದವರೆಗೂ ಇರುತ್ತದೆ. ಎಲ್ಲ ಮಕ್ಕಳಲ್ಲೂ ಬರುವುದಿಲ್ಲ. ಬಂದರೂ ಮುಗಿದೇ ಮುಗಿಯುತ್ತದೆ. ಅಷ್ಟರಲ್ಲಿ ಯಾರೋ ಕೊಟ್ಟ ನಾಟಿ ಔಷಧಿಗೋ, ಹಾಗಲಕಾಯಿ ರಸಕ್ಕೋ, ಮುದ್ದೆಗೋ ಹೆಸರು ಬಂದುಬಿಟ್ಟಿರುತ್ತದೆ. ‘ಇಂಥವರ ಮಗುವಿಗೆ ವಾಸಿಯಾಯಿತಂತೆ’ ಅನ್ನುವ ಸುದ್ದಿ ಊರೆಲ್ಲ ಓಡಾಡುತ್ತದೆ. ಆಮೇಲೆ ಅದೇ ಮಗು ಐಸಿಯು ಸೇರಿದ ಸುದ್ದಿ ಅಷ್ಟು ದೂರ ಹೋಗುವುದಿಲ್ಲ.

ಪಥ್ಯವೊಂದೇ ಸಾಕಾ ಅನ್ನುವುದನ್ನು ನೂರು ವರ್ಷದ ಹಿಂದೆಯೇ ಮಾಡಿ ನೋಡಿದ್ದಾರೆ. ಇನ್ಸುಲಿನ್ ಇಲ್ಲದ ಕಾಲದಲ್ಲಿ ಅಮೆರಿಕದ ಡಾಕ್ಟರ್ ಫ್ರೆಡರಿಕ್ ಅಲೆನ್ ಮಕ್ಕಳನ್ನು ಹೆಚ್ಚುಕಡಿಮೆ ಉಪವಾಸದಲ್ಲೇ ಇಡುತ್ತಿದ್ದರು. ನಮ್ಮ ಯಾವ ಮನೆಯಲ್ಲೂ ಅಷ್ಟು ಕಠಿಣ ಪಥ್ಯ ಮಾಡಲು ಸಾಧ್ಯವಿಲ್ಲ. ಕೆಲವು ಮಕ್ಕಳು ಸ್ವಲ್ಪ ಕಾಲ ಹೆಚ್ಚು ಬದುಕಿದರು, ಎಲುಬಿನ ಗೂಡಾಗಿ. ಟೊರೊಂಟೊದ ಲಿಯೊನಾರ್ಡ್ ಥಾಂಪ್ಸನ್ ಅಂಥವನೇ. 14 ವರ್ಷದ ಹುಡುಗ, ತೂಕ ಸುಮಾರು 29 ಕಿಲೋ. 1922ರ ಜನವರಿ 11ರಂದು ಅವನಿಗೆ ಇನ್ಸುಲಿನ್ ಕೊಟ್ಟರು. ಆ ಔಷಧಿ ಅಷ್ಟು ಶುದ್ಧವಾಗಿರಲಿಲ್ಲ, ಫಲ ಕೊಡಲಿಲ್ಲ. ಶುದ್ಧ ಮಾಡಿ ಜನವರಿ 23ರಿಂದ ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ. ಮುಂದೆ 13 ವರ್ಷ ಬದುಕಿದ. ಪಥ್ಯ ಸೋತ ಜಾಗದಲ್ಲಿ ಗೆದ್ದದ್ದು ಇನ್ಸುಲಿನ್.

‘ಅಭ್ಯಾಸ’ದ ಮಾತಿಗೆ ಬರೋಣ. ನಿಮಗೆ ಹೇಳುವ ಆ ನೆಂಟರ ಮೈಯಲ್ಲೂ ಪ್ರತಿದಿನ ಇನ್ಸುಲಿನ್ ತಯಾರಾಗುತ್ತಿದೆ. ಅದು ಇಲ್ಲದೆ ಯಾರೂ ಬದುಕಲ್ಲ. ನಿಮ್ಮ ಮಗಳಿಗೆ ಅದನ್ನು ಹೊರಗಿನಿಂದ ಕೊಡಬೇಕು, ಅಷ್ಟೇ. ಸಿರಪ್ ಮಾಡಿ ಕುಡಿಸಲು ಆಗುವುದಿಲ್ಲ, ಯಾಕೆಂದರೆ ಅದೊಂದು ಪ್ರೋಟೀನು, ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ. ಅದಕ್ಕೇ ಸೂಜಿ.

ಇನ್ಸುಲಿನ್ ತಪ್ಪಿದರೆ ದೇಹ ಕೊಬ್ಬು ಕರಗಿಸುತ್ತದೆ, ರಕ್ತದಲ್ಲಿ ಕೀಟೋನ್ ಆಮ್ಲ ತುಂಬಿಕೊಳ್ಳುತ್ತದೆ. ವಿಪರೀತ ಬಾಯಾರಿಕೆ, ಪದೇ ಪದೇ ಮೂತ್ರ, ಹೊಟ್ಟೆನೋವು, ವಾಂತಿ, ಜೋರಾದ ಆಳವಾದ ಉಸಿರು, ಬಾಯಲ್ಲಿ ಹಣ್ಣಿನ ವಾಸನೆ, ಮಂಪರು. ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ಜ್ವರ ಬಂದು ಮಗು ಊಟ ಬಿಟ್ಟಿದ್ದರೂ ಇನ್ಸುಲಿನ್ ನೀವಾಗಿ ನಿಲ್ಲಿಸಬಾರದು. ಶುಗರ್ ನೋಡಿ, ಡಾಕ್ಟರಿಗೆ ಫೋನ್ ಮಾಡಿ, ಎಷ್ಟು ಕೊಡಬೇಕು ಅಂತ ಕೇಳಿ.

ಹಾಗಂತ ಊಟ-ತಿಂಡಿ ಮುಖ್ಯವಲ್ಲ ಅಂತಲ್ಲ. ಆದರೆ ಅದರ ಕೆಲಸ ಬೇರೆ. ತಿನ್ನುವ ಪಿಷ್ಟಕ್ಕೂ ಕೊಡುವ ಇನ್ಸುಲಿನ್‌ಗೂ ಹೊಂದಿಕೆ ಬೇಕು. ಮುದ್ದೆ ತಿಂದರೆ ಶುಗರ್ ಏರಲ್ಲ ಅನ್ನುವುದು ಸುಳ್ಳು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟವಿದ್ದರೆ, ರಾಗಿಯಲ್ಲಿ ಸುಮಾರು 67. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಜಾಸ್ತಿ, ಖಂಡಿತ ಕೊಡಿ. ಆದರೆ ಮುದ್ದೆಯ ಗಾತ್ರವನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಳೆಯುವ ಮಗುವನ್ನು ಹಸಿವಿನಲ್ಲಿ ಇಡಬೇಡಿ. ಅವಳಿಗೊಂದು ತಟ್ಟೆ, ಅಣ್ಣನಿಗೊಂದು ತಟ್ಟೆ ಮಾಡಬೇಡಿ. ತರಕಾರಿ, ಕಾಳು ಜಾಸ್ತಿ, ಬೇಕರಿ ತಿಂಡಿ ಕಡಿಮೆ. ಇಡೀ ಮನೆಗೆ ಅದೇ ಒಳ್ಳೆಯದು, ಅಲ್ವಾ? ಆಟಕ್ಕೂ ಕಳಿಸಿ. ವಾಸಿಂ ಅಕ್ರಂ ಟೈಪ್ 1 ಬಂದ ಮೇಲೂ ವರ್ಷಗಟ್ಟಲೆ ಅಂತರರಾಷ್ಟ್ರೀಯ ಕ್ರಿಕೆಟ್ ಆಡಿದರು. ಆಟಕ್ಕೆ ಮುಂಚೆ ಶುಗರ್ ನೋಡಬೇಕು, ಜೇಬಲ್ಲಿ ಗ್ಲೂಕೋಸ್ ಇರಬೇಕು.

ಇಷ್ಟೆಲ್ಲ ಒಬ್ಬ ಡಾಕ್ಟರಿಂದ ಆಗುವುದಿಲ್ಲ, ಒಬ್ಬ ಅಮ್ಮನಿಂದಂತೂ ಆಗಲೇಬಾರದು. ಡೋಸ್ ಮಕ್ಕಳ ಹಾರ್ಮೋನ್ ತಜ್ಞರು ನೋಡುತ್ತಾರೆ. ಊಟದ ಲೆಕ್ಕ ಡಯಟಿಷಿಯನ್ ಕಲಿಸುತ್ತಾರೆ. ಸೂಜಿ ಹಾಕುವುದು, ಪ್ರತಿಸಲ ಜಾಗ ಬದಲಿಸುವುದು ಡಯಾಬಿಟಿಸ್ ಎಜುಕೇಟರ್ ಅಥವಾ ನರ್ಸ್ ಹೇಳಿಕೊಡುತ್ತಾರೆ. ಮಗು ಮಂಕಾದರೆ ಆಪ್ತಸಮಾಲೋಚಕರು ಬೇಕು. ಇವರೆಲ್ಲ ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಸಿಗುವವರು. ದಿನಾ ಜೊತೆಗಿರುವವರು ಕ್ಲಾಸ್ ಟೀಚರ್, ಪಿಟಿ ಮೇಷ್ಟ್ರು, ಸ್ಕೂಲ್ ವ್ಯಾನ್ ಡ್ರೈವರ್, ಮನೆಯಲ್ಲಿ ಅಜ್ಜಿ. ಇವರಿಗೆ ಒಂದು ವಿಷಯ ಗೊತ್ತಿರಲೇಬೇಕು: ಮಗು ಬೆವರಿ, ನಡುಗಿ, ಸುಮ್ಸುಮ್ನೆ ರೇಗಿದರೆ ಶುಗರ್ ಲೋ ಆಗಿರಬಹುದು. 70ಕ್ಕಿಂತ ಕಡಿಮೆ ಇದ್ದರೆ ತಕ್ಷಣ ಗ್ಲೂಕೋಸ್ ಪುಡಿಯೋ ಸಕ್ಕರೆ ನೀರೋ ಕೊಟ್ಟು, 15 ನಿಮಿಷದಲ್ಲಿ ಮತ್ತೆ ನೋಡಬೇಕು. ಚಾಕಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಶಾಲೆಯಲ್ಲಿ ಮುಚ್ಚಿಡಬೇಡಿ. ಸಿಬಿಎಸ್‌ಇ 2017ರಲ್ಲೇ ಟೈಪ್ 1 ಇರುವ ಮಕ್ಕಳು ಬೋರ್ಡ್ ಪರೀಕ್ಷೆ ಹಾಲ್‌ಗೆ ತಿಂಡಿ ಒಯ್ಯಲು ಒಪ್ಪಿದೆ. ನಿಮ್ಮ ಶಾಲೆಯಲ್ಲೂ ಕೇಳಿ, ಸಂಕೋಚ ಬೇಡ.

ನೀವು ಕೇಳಿಲ್ಲ, ಆದರೆ ಒಂದೆರಡು ವರ್ಷದಲ್ಲಿ ಕೇಳುತ್ತೀರಿ: ಸೂಜಿ ಅವಳೇ ಹಾಕಿಕೊಳ್ಳುವುದು ಯಾವಾಗ? ಹತ್ತು-ಹನ್ನೆರಡರ ಹೊತ್ತಿಗೆ ಹೆಚ್ಚಿನ ಮಕ್ಕಳು ಕಲಿಯುತ್ತಾರೆ, ತುಂಬಾ ಚೆನ್ನಾಗಿಯೇ ಕಲಿಯುತ್ತಾರೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು ಅಂತ ಅಪ್ಪ-ಅಮ್ಮ ಹಿಂದೆ ಸರಿದರೆ ಶುಗರ್ ಹದ ತಪ್ಪುತ್ತದೆ. ಹರೆಯ ಬಂದಾಗ ಹಾರ್ಮೋನ್‌ಗಳಿಂದ ಇನ್ಸುಲಿನ್ ಜಾಸ್ತಿ ಬೇಕಾಗುತ್ತದೆ, ಮಕ್ಕಳು ಡೋಸ್ ಮರೆಯುವುದೂ ಆಗಲೇ. ಸೂಜಿ ಅವಳು ಹಾಕಿಕೊಳ್ಳಲಿ. ಇನ್ಸುಲಿನ್ ಚುಚ್ಚುವ ಪೆನ್ನಿನಲ್ಲಿ ಎಷ್ಟು ಯೂನಿಟ್ ತಿರುಗಿಸಿದ್ದಾಳೆ ಅಂತ ಮನೆಯ ದೊಡ್ಡವರೊಬ್ಬರು ಪಕ್ಕದಲ್ಲಿ ನಿಂತು ನೋಡಲಿ, ಪಿಯುಸಿಗೆ ಬಂದ ಮೇಲೂ.