ಲೆವೆಲ್ ಏರಿದಷ್ಟೂ ಗಟ್ಟಿಯಾಗುವ ಶತ್ರುಗಳು

2006ರಲ್ಲಿ ಬಂದ ಆಬ್ಲಿವಿಯನ್ ಗೇಮನ್ನು ಒಂದಷ್ಟು ದಿನ ಆಡಿದವರಿಗೆಲ್ಲ ಈ ದರೋಡೆಕೋರ ಗೊತ್ತು. ಕಾಡುದಾರಿಯಲ್ಲಿ ಅಡ್ಡ ಬಂದು ನಿಲ್ಲುತ್ತಾನೆ. ನೂರು ನಾಣ್ಯ ಕೊಡು, ಇಲ್ಲಾಂದ್ರೆ ಜೀವ ತೆಗೀತೀನಿ ಅಂತಾನೆ. ಆದರೆ ಅವನ ಮೈಮೇಲಿರುವುದು ಗಾಜಿನ ರಕ್ಷಾಕವಚ. ಆ ಲೋಕದಲ್ಲಿ ಅದು ಸಾವಿರಾರು ನಾಣ್ಯ ಬೆಲೆಬಾಳುವ ವಸ್ತು, ದೊಡ್ಡ ದೊಡ್ಡ ವೀರರ ಹತ್ತಿರ ಮಾತ್ರ ಇರಬೇಕಾದದ್ದು. ಅದನ್ನು ಮಾರಿದರೆ ಈ ಪುಣ್ಯಾತ್ಮ ಕಳ್ಳತನ ಬಿಟ್ಟು ಊರಲ್ಲಿ ಮನೆ ಕೊಂಡು ಆರಾಮಾಗಿ ಇರಬಹುದು. ಅವನು ಮಾತ್ರ ನೂರು ನಾಣ್ಯಕ್ಕೆ ಸಾಯಲು ತಯಾರಾಗಿ ನಿಂತಿರುತ್ತಾನೆ.

ಅವನಿಗೆ ಆ ಕವಚ ಎಲ್ಲಿಂದ ಬಂತು? ಕಥೆಯಲ್ಲಿ ಉತ್ತರ ಇಲ್ಲ. ಉತ್ತರ ಇರುವುದು ಒಂದು ಪಟ್ಟಿಯಲ್ಲಿ.

ಆಬ್ಲಿವಿಯನ್ ಮಾಡಿದ ಬೆಥೆಸ್ಡಾ ಕಂಪನಿಯ ಗೇಮ್‌ಗಳಲ್ಲಿ ಆ ಪಟ್ಟಿಗೆ ಲೆವೆಲ್ಡ್ ಲಿಸ್ಟ್ ಅನ್ನುತ್ತಾರೆ. ಗೇಮ್ ಮಾಡುವವರು ಗುಹೆಯ ಮೂಲೆಯಲ್ಲಿ ಎಷ್ಟೋ ಸಲ ಇಂಥದ್ದೇ ಪ್ರಾಣಿ ಅಂತ ನಿಲ್ಲಿಸಿರುವುದಿಲ್ಲ, ಸುಮ್ನೆ ಒಂದು ಖಾಲಿ ಗುರುತು ಇಟ್ಟಿರುತ್ತಾರೆ. ನೀವು ಆ ಜಾಗಕ್ಕೆ ಕಾಲಿಟ್ಟಾಗ ಗೇಮ್ ನಿಮ್ಮ ಲೆವೆಲ್ (ಆಡುತ್ತಾ ಹೋದಂತೆ ನಿಮ್ಮ ಪಾತ್ರ ಏರುವ ಮೆಟ್ಟಿಲಿನ ಅಂಕಿ) ನೋಡುತ್ತದೆ, ಪಟ್ಟಿಯಲ್ಲಿ ಹುಡುಕುತ್ತದೆ, ಆ ಲೆವೆಲ್ಲಿಗೆ ಅರ್ಹವಾದ ಪ್ರಾಣಿಗಳಲ್ಲಿ ಒಂದನ್ನು ಆರಿಸಿ ಆ ಗುರುತಿನ ಮೇಲೆ ನಿಲ್ಲಿಸುತ್ತದೆ. ಶುರುವಿನಲ್ಲಿ ತೋಳ, ಆಮೇಲೆ ಕರಡಿ, ಇನ್ನೂ ಆಮೇಲೆ ಗೂಳಿತಲೆಯ ಮಿನೊಟಾರ್. ಕತ್ತಿಗೂ ಇದೇ ತರದ ಪಟ್ಟಿ, ಕವಚಕ್ಕೂ, ಪೆಟ್ಟಿಗೆಯೊಳಗಿನ ನಾಣ್ಯಕ್ಕೂ ಇದೇ ತರದ ಪಟ್ಟಿ. ಆ ದರೋಡೆಕೋರನ ಕವಚದ ಪಟ್ಟಿ ನಿಮ್ಮ ಲೆವೆಲ್ ನೋಡಿ ಗಾಜು ಅಂತ ಹೇಳಿತು, ಅಷ್ಟೇ. ಇದನ್ನೇ ಲೆವೆಲ್ ಸ್ಕೇಲಿಂಗ್ ಅನ್ನುವುದು.

ಇದನ್ನು ಬೈಯುವುದು ಸುಲಭ. ಆದರೆ ಮಾಡಿದವರೇನು ಹುಚ್ಚರಲ್ಲ. ಕಥೆ ಒಂದೇ ದಾರಿಯಲ್ಲಿ ಸಾಗುವ ಗೇಮ್‌ನಲ್ಲಿ ನೀವು ಮೂರನೇ ಕೋಟೆಗೆ ಬರುವಾಗ ಸುಮಾರು ಯಾವ ಲೆವೆಲ್ಲಿನಲ್ಲಿ ಇರುತ್ತೀರಿ ಅಂತ ಮೊದಲೇ ಗೊತ್ತು, ಶತ್ರುವನ್ನು ಅದಕ್ಕೆ ತಕ್ಕ ಹಾಗೆ ಇಡಬಹುದು. ಓಪನ್ ವರ್ಲ್ಡ್‌ನಲ್ಲಿ, ಅಂದರೆ ಯಾವಾಗ ಬೇಕಾದರೂ ಎಲ್ಲಿಗೆ ಬೇಕಾದರೂ ಹೋಗಬಹುದಾದ ಗೇಮ್‌ನಲ್ಲಿ, ಹಾಗಲ್ಲ. ಒಬ್ಬರು ಮೊದಲ ಗಂಟೆಯಲ್ಲೇ ಉತ್ತರದ ಹಿಮಬೆಟ್ಟಕ್ಕೆ ಹೋಗುತ್ತಾರೆ, ಇನ್ನೊಬ್ಬರು ಐವತ್ತು ಗಂಟೆ ಹೂವು ಕಿತ್ತುಕೊಂಡು ಮದ್ದು ಅರೆದು ಆಮೇಲೆ ಹೋಗುತ್ತಾರೆ. ಇಬ್ಬರಿಗೂ ಅಲ್ಲಿ ಆಟ ಇರಬೇಕು. 2001ರ ಗಾಥಿಕ್ ಅನ್ನುವ ಗೇಮ್ ಇದಕ್ಕೆ ತಲೆಯನ್ನೇ ಕೆಡಿಸಿಕೊಳ್ಳಲಿಲ್ಲ. ಅಲ್ಲಿ ಶತ್ರುಗಳ ಬಲ ಮೊದಲೇ ಗೊತ್ತುಮಾಡಿದ್ದು, ತಪ್ಪು ಕಾಡಿಗೆ ಹೋದರೆ ಸಾಯುತ್ತೀರಿ, ಬಲ ಬಂದ ಮೇಲೆ ವಾಪಸ್ ಬನ್ನಿ ಅಂತ ಬಿಟ್ಟುಬಿಟ್ಟಿತು. ನನಗೆ ಆ ದಾರಿ ಇಷ್ಟ. ಆದರೆ ಅದರಲ್ಲೂ ನಷ್ಟ ಇದೆ: ಬಲ ಬಂದ ಮೇಲೆ ಹಳೇ ಕಾಡುಗಳೆಲ್ಲ ಸಪ್ಪೆ. ನೂರಾರು ಜನ ವರ್ಷಗಟ್ಟಲೆ ಕೂತು ಮಾಡಿದ ಗುಹೆಯನ್ನು ನೀವು ನಾಲ್ಕು ಏಟಿನಲ್ಲಿ ಮುಗಿಸಿ ಹೋಗಿರುತ್ತೀರಿ.

ಈಗ ಸ್ವಲ್ಪ ಲೆಕ್ಕ. ಜಾಸ್ತಿ ಇಲ್ಲ, ಒಂದೇ ಭಾಗಾಕಾರ. ಶತ್ರುವಿನ ಹೆಲ್ತನ್ನು (ಅವನಲ್ಲಿರುವ ಜೀವದ ಅಂಕಿ) ನಿಮ್ಮ ಒಂದು ಏಟಿನ ಡ್ಯಾಮೇಜ್‌ನಿಂದ (ಆ ಏಟು ಕಳೆಯುವ ಜೀವದ ಅಂಕಿ) ಭಾಗಿಸಿದರೆ ಅವನನ್ನು ಕೆಡವಲು ಎಷ್ಟು ಏಟು ಬೇಕು ಅಂತ ಸಿಗುತ್ತದೆ. ಮೊದಲ ಲೆವೆಲ್ಲಿನಲ್ಲಿ ನಿಮ್ಮ ಏಟು 10, ತುಂಟದೆವ್ವದ ಹೆಲ್ತ್ 50 ಅಂದುಕೊಳ್ಳಿ. ಐದು ಏಟು. ಇಪ್ಪತ್ತನೇ ಲೆವೆಲ್ಲಿನಲ್ಲಿ ನಿಮ್ಮ ಏಟು 60 ಆಯಿತು, ಅದರ ಹೆಲ್ತ್ 300 ಆಯಿತು. ಈಗಲೂ ಐದೇ ಏಟು. ಪರದೆಯ ಮೇಲೆ ಹಾರುವ ಅಂಕಿಗಳು ದೊಡ್ಡದಾದವು, ಕೈಗೆ ಏನೂ ಗೊತ್ತಾಗಲಿಲ್ಲ. ಸ್ಕೇಲಿಂಗ್ ಬಗ್ಗೆ ಕೇಳಿಬರುವ ದೊಡ್ಡ ದೂರು ಇದೇ.

ಆಬ್ಲಿವಿಯನ್‌ನ ಕಷ್ಟ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅಲ್ಲಿ ಆಯುಧದ ಕೌಶಲ 100ಕ್ಕೆ ನಿಲ್ಲುತ್ತದೆ, ಒಳ್ಳೆಯ ಕತ್ತಿಗೂ ಒಂದು ಮಿತಿ ಇದೆ. ಆದರೆ ಕೆಲವು ಪ್ರಾಣಿಗಳ ಹೆಲ್ತ್ ನಿಮ್ಮ ಲೆವೆಲ್ಲನ್ನು ಇಂತಿಷ್ಟರಿಂದ ಗುಣಿಸಿ ಬರುವ ಸಂಖ್ಯೆ, ಅದಕ್ಕೆ ಮಿತಿಯೇ ಇಲ್ಲ. ಮೇಲಿನ ಉದಾಹರಣೆಯಲ್ಲೇ ನೋಡಿ: ನಿಮ್ಮ ಏಟು 60ರಲ್ಲಿ ನಿಂತುಹೋಗಿ ಆ ದೆವ್ವದ ಹೆಲ್ತ್ ನಲವತ್ತನೇ ಲೆವೆಲ್ಲಿಗೆ 600 ಆದರೆ ಹತ್ತು ಏಟು ಬೇಕು. ಅಂದರೆ ನೀವು ಮೇಲೇರಿದಷ್ಟೂ ದುರ್ಬಲ ಆದ ಹಾಗೆ! ಭಿನ್ನರಾಶಿಯ ಕೆಳಗಿನ ಅಂಕಿ ನಿಂತಿದೆ, ಮೇಲಿನದು ಓಡುತ್ತಿದೆ. ಕೊನೆಕೊನೆಗೆ ಒಂದು ಗಾಬ್ಲಿನ್ ಸರದಾರನ ಜೊತೆ ನಿಮಿಷಗಟ್ಟಲೆ ಬಡಿದಾಡಿದವರು ಬೇಕಾದಷ್ಟು ಜನ ಇದ್ದಾರೆ.

ಆದರೆ ಇದಕ್ಕಿಂತಲೂ ದೊಡ್ಡ ಗೊಂದಲ ಬೇರೆ ಕಡೆ ಇದೆ. ನನಗೆ ಈ ಇಡೀ ವಿಷಯದಲ್ಲಿ ಅದೇ ಮುಖ್ಯ ಅನ್ನಿಸುವುದು. ಗೇಮ್ ನಿಮ್ಮ ಬಲ ಅಳೆಯುತ್ತಿದೆ ಅಂದುಕೊಂಡಿದೆ, ಆದರೆ ನಿಜಕ್ಕೂ ಅಳೆಯುತ್ತಿರುವುದು ಲೆವೆಲ್ ಅನ್ನುವ ಒಂದು ಅಂಕಿಯನ್ನ. ಬರೀ ತೂಕ ನೋಡಿ ಕುಸ್ತಿಪಟುವಿನ ಶಕ್ತಿ ಹೇಳಿದ ಹಾಗೆ.

ಆಬ್ಲಿವಿಯನ್‌ನಲ್ಲಿ ಲೆವೆಲ್ ಏರುವುದು ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ನೀವು ಏಳು ಮುಖ್ಯ ಕೌಶಲಗಳನ್ನು ಆರಿಸಿಕೊಳ್ಳುತ್ತೀರಿ. ಕೌಶಲ ಬೆಳೆಯುವುದು ಬಳಸಿದಾಗ: ಓಡಿದರೆ ಓಟ, ಜಿಗಿದರೆ ಜಿಗಿತ, ಮಾತಾಡಿ ಒಲಿಸಿದರೆ ಮಾತುಗಾರಿಕೆ. ಮುಖ್ಯ ಕೌಶಲಗಳಲ್ಲಿ ಒಟ್ಟು ಹತ್ತು ಮೆಟ್ಟಿಲು ಏರಿದ ಮೇಲೆ ಹಾಸಿಗೆ ಹುಡುಕಿ ಮಲಗಬೇಕು, ಎದ್ದಾಗ ಲೆವೆಲ್ ಒಂದು ಏರಿರುತ್ತದೆ. ಆಗ ಶಕ್ತಿ, ಸಹನೆ, ಬುದ್ಧಿ ಇತ್ಯಾದಿಗಳಲ್ಲಿ ಮೂರನ್ನು ಹೆಚ್ಚಿಸಿಕೊಳ್ಳಬಹುದು. ಎಷ್ಟು ಹೆಚ್ಚುತ್ತದೆ ಅನ್ನುವುದು ನೀವು ಆ ಲೆವೆಲ್ಲಿನಲ್ಲಿ ಯಾವ ಕೌಶಲ ಎಷ್ಟು ಬಳಸಿದಿರಿ ಅನ್ನುವುದರ ಮೇಲೆ, ಸಾಮಾನ್ಯವಾಗಿ ಒಂದರಿಂದ ಐದರವರೆಗೆ. ಈಗ ಒಬ್ಬರು ಓಟ, ಜಿಗಿತ, ಮಾತುಗಾರಿಕೆಗಳನ್ನೇ ಮುಖ್ಯ ಮಾಡಿಕೊಂಡು ದಾರಿಯುದ್ದಕ್ಕೂ ಜಿಗಿಯುತ್ತಾ ಹೋದರು ಅಂದುಕೊಳ್ಳಿ. ಅವರ ಲೆವೆಲ್ ಸರಸರ ಏರುತ್ತದೆ. ಕತ್ತಿ ಹಿಡಿಯುವ ಕೈ ಮಾತ್ರ ಹಾಗೇ ಇರುತ್ತದೆ. ಲೋಕದ ಪಟ್ಟಿಗೆ ಇದು ಗೊತ್ತಾಗುವುದಿಲ್ಲ. ಇವರ ಲೆವೆಲ್ 20, ಕಳಿಸು ದೊಡ್ಡ ರಾಕ್ಷಸನನ್ನ.

ಕಥೆಯ ಶುರುವಿನಲ್ಲೇ ಬರುವ ಕ್ವಾಚ್ ಊರಿನ ಯುದ್ಧ ಇದಕ್ಕೆ ಹೆಸರುವಾಸಿ. ಕಡಿಮೆ ಲೆವೆಲ್ಲಿನಲ್ಲಿ ಹೋದರೆ ಎದುರು ಬರುವುದು ಬಡಕಲು ಸ್ಕ್ಯಾಂಪ್‌ಗಳು. ಊರೆಲ್ಲ ಸುತ್ತಾಡಿ ದೊಡ್ಡ ಲೆವೆಲ್ಲಿನಲ್ಲಿ ಹೋದರೆ ಅದೇ ಬೀದಿಯಲ್ಲಿ ಮೊಸಳೆಮೂತಿಯ ಡೇಡ್ರೋತ್‌ಗಳು.

ಆಟಗಾರರು ಇದನ್ನು ಕಂಡುಹಿಡಿಯದೆ ಇರುತ್ತಾರಾ? ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಅವರು. ದಿನಾ ಬಳಸುವ ಕೌಶಲಗಳನ್ನು ಬೇಕಂತಲೇ ಮುಖ್ಯ ಪಟ್ಟಿಯಿಂದ ಹೊರಗಿಟ್ಟರು. ಕತ್ತಿಯಲ್ಲಿ ಪಳಗಿದರು, ಆದರೆ ಗೇಮ್‌ನ ಲೆಕ್ಕದಲ್ಲಿ ಲೆವೆಲ್ ಏರಲೇ ಇಲ್ಲ. ಇನ್ನು ಕೆಲವರು ಹಾಸಿಗೆಯ ಕಡೆಗೇ ಹೋಗಲಿಲ್ಲ. ಮಲಗದೇ ಇದ್ದರೆ ಲೆವೆಲ್ ಏರುವುದಿಲ್ಲ, ಲೆವೆಲ್ ಏರದೇ ಇದ್ದರೆ ರಾಕ್ಷಸ ಬರುವುದಿಲ್ಲ! ಲೋಕ ಉಳಿಸಬೇಕಾದ ವೀರ ನಿದ್ದೆಗೆ ಹೆದರಿಕೊಂಡು ಓಡಾಡುವುದು ನನಗಂತೂ ಇವತ್ತಿಗೂ ನಗು ಬರಿಸುತ್ತದೆ.

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಬರೆಯುತ್ತಾ ಇಂಥದ್ದೇ ಮಾತು ಹೇಳಿದ್ದರು. ಯಾವುದೋ ಒಂದು ಅಂಕಿ ನೋಡಿ ಜನರನ್ನು ನಿಯಂತ್ರಿಸಲು ಹೊರಟರೆ, ಆ ಅಂಕಿಗೂ ಅದು ಸೂಚಿಸುತ್ತಿದ್ದ ಸಂಗತಿಗೂ ಇದ್ದ ನಂಟು ಕಳಚಿಹೋಗುತ್ತದೆ ಅನ್ನುವುದು ಅದರ ಸಾರ. ಗೇಮ್‌ನ ಲೆವೆಲ್ಲಿಗೆ ಇದು ಹೇಳಿಮಾಡಿಸಿದ ಹಾಗಿದೆ. ಲೆವೆಲ್ ನೋಡಿ ಶತ್ರುವನ್ನು ಕಳಿಸುತ್ತಾರೆ ಅಂತ ಗೊತ್ತಾದ ಕೂಡಲೇ ಜನ ಲೆವೆಲ್ ಏರದೇ ಬಲ ಪಡೆಯುವ ದಾರಿ ಹುಡುಕುತ್ತಾರೆ.

ಆಬ್ಲಿವಿಯನ್‌ಗಿಂತ ಏಳು ವರ್ಷ ಮೊದಲೇ, 1999ರ ಫೈನಲ್ ಫ್ಯಾಂಟಸಿ 8ರಲ್ಲಿ ಇದು ಇನ್ನೂ ಚೊಕ್ಕವಾಗಿ ನಡೆದಿತ್ತು. ಅಲ್ಲಿ ಶತ್ರುಗಳ ಲೆವೆಲ್ ನಿಮ್ಮ ತಂಡದ ಸರಾಸರಿ ಲೆವೆಲ್ ನೋಡಿಕೊಂಡು ಏರುತ್ತದೆ. ಆದರೆ ತಂಡದ ಬಲ ಬರುವುದು ಮುಖ್ಯವಾಗಿ ಲೆವೆಲ್ಲಿನಿಂದ ಅಲ್ಲ, ಮಂತ್ರಗಳನ್ನು ಕೂಡಿಟ್ಟು ಶಕ್ತಿ, ಹೆಲ್ತ್ ಇತ್ಯಾದಿಗಳಿಗೆ ಜೋಡಿಸುವ ಜಂಕ್ಷನ್ ವ್ಯವಸ್ಥೆಯಿಂದ. ಸಾಲದ್ದಕ್ಕೆ, ಸೋಲುವ ಹಂತದಲ್ಲಿರುವ ಶತ್ರುವನ್ನು ಇಸ್ಪೀಟಿನಂಥ ಎಲೆಯಾಗಿ ಬದಲಿಸುವ ಒಂದು ಆಜ್ಞೆಯೂ ಇದೆ. ಹಾಗೆ ಮಾಡಿದರೆ ಲೆವೆಲ್ ಏರಿಸುವ ಅನುಭವದ ಅಂಕಗಳು ಸಿಗುವುದಿಲ್ಲ, ಎಲೆ ಸಿಗುತ್ತದೆ, ಆ ಎಲೆಯಿಂದ ವಸ್ತು, ವಸ್ತುವಿನಿಂದ ಮಂತ್ರ, ಮಂತ್ರದಿಂದ ಬಲ. ಹೀಗೆ ಲೆವೆಲ್ 10ರ ಸುಮಾರಿಗೇ ನಿಂತುಬಿಟ್ಟ ತಂಡ ಕೊನೆಯವರೆಗೂ ಎಲ್ಲರನ್ನೂ ಹಿಟ್ಟು ಮಾಡಿಕೊಂಡು ಹೋಗುತ್ತದೆ. ಬೇರೆ ಗೇಮ್‌ಗಳ ಅಭ್ಯಾಸದಲ್ಲಿ ಗಂಟೆಗಟ್ಟಲೆ ಹೊಡೆದಾಡಿ ಲೆವೆಲ್ ಏರಿಸಿಕೊಂಡವರು ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಂಡಿರುತ್ತಾರೆ.

ಅಳತೆಗೋಲು ಕೆಟ್ಟಿದೆ ಅಂದರೆ ಅದನ್ನು ರಿಪೇರಿ ಮಾಡಬಹುದಲ್ವಾ? 2025ರ ಏಪ್ರಿಲ್‌ನಲ್ಲಿ ಬಂದ ಆಬ್ಲಿವಿಯನ್ ರೀಮಾಸ್ಟರ್ಡ್, ಅಂದರೆ ಅದೇ ಗೇಮ್‌ನ ಹೊಸ ರೂಪ, ಮಾಡಿದ್ದು ಅದನ್ನೇ. ಶತ್ರುಗಳ ಸ್ಕೇಲಿಂಗ್ ಹೆಚ್ಚುಕಡಿಮೆ ಹಾಗೇ ಉಳಿಯಿತು. ಬದಲಾದದ್ದು ನಿಮ್ಮ ಲೆವೆಲ್ ಏರುವ ರೀತಿ. ಮುಖ್ಯವಲ್ಲದ ಕೌಶಲಗಳೂ ಈಗ ಲೆಕ್ಕಕ್ಕೆ ಬರುತ್ತವೆ, ಪ್ರತಿ ಲೆವೆಲ್ಲಿಗೂ 12 ಅಂಕ ಕೈಗೆ ಸಿಗುತ್ತವೆ, ಬೇಕಾದ ಕಡೆ ಹಾಕಿಕೊಳ್ಳಬಹುದು. ಲೆವೆಲ್ಲಿಗೂ ಬಲಕ್ಕೂ ಇದ್ದ ನಂಟು ಬಿಗಿಯಾಯಿತು, ದೂರೂ ಕಡಿಮೆಯಾಯಿತು.

ಇನ್ನೊಂದು ದಾರಿ ಎಂದರೆ ಸ್ಕೇಲಿಂಗಿಗೆ ಬೇಲಿ ಹಾಕುವುದು. 2011ರ ಸ್ಕೈರಿಮ್‌ನಲ್ಲಿ ಜಾಗಗಳಿಗೆ ಕನಿಷ್ಠ ಲೆವೆಲ್ ಇರುತ್ತದೆ, ಕೆಲವಕ್ಕೆ ಗರಿಷ್ಠವೂ ಇರುತ್ತದೆ. ನೀವು ಮೊದಲ ಸಲ ಒಳಗೆ ಹೋದಾಗ ಆ ಜಾಗದ ಲೆವೆಲ್ ಗೊತ್ತಾಗಿ ಅಲ್ಲಿಗೇ ಬೀಗ ಬೀಳುತ್ತದೆ. ಸೋತು ಓಡಿಬಂದು, ಬಲ ಕೂಡಿಸಿಕೊಂಡು ವಾಪಸ್ ಹೋದರೆ ನಿಮ್ಮ ಬಲ ನಿಮಗೇ ಗೊತ್ತಾಗುತ್ತದೆ. ದರೋಡೆಕೋರರ ಪಟ್ಟಿಯಲ್ಲೂ ಹಳೇ ಬಡಪಾಯಿಗಳು ಪೂರ್ತಿ ಮಾಯವಾಗುವುದಿಲ್ಲ, ದೊಡ್ಡ ಲೆವೆಲ್ಲಿನಲ್ಲೂ ಗಟ್ಟಿಗರ ನಡುವೆ ಒಂದೇ ಏಟಿಗೆ ಬೀಳುವ ಒಬ್ಬಿಬ್ಬರು ಇರುತ್ತಾರೆ. ಆ ಒಬ್ಬಿಬ್ಬರು ಬಹಳ ಮುಖ್ಯ. ಹತ್ತು ಗಂಟೆ ಹಿಂದೆ ಬೆವರಿಳಿಸಿದವನು ಈಗ ಒಂದೇ ಏಟಿಗೆ ಬಿದ್ದ ಅನ್ನುವಾಗಲೇ ತಾನೇ ಬೆಳೆದಿದ್ದೇನೆ ಅನ್ನಿಸುವುದು. ಅಂಕಿ 60 ಅಂತ ತೋರಿಸಿದರೆ ಅನ್ನಿಸುವುದಿಲ್ಲ. ಮತ್ತೆ ಅಲ್ಲಿನ ದೈತ್ಯರು! ಸ್ಕೈರಿಮ್‌ನ ದೈತ್ಯನ ಲೆವೆಲ್ ಯಾವಾಗಲೂ 32. ಲೆವೆಲ್ 2ರಲ್ಲಿ ಹೋಗಿ ಕೆಣಕಿದರೆ ಅವನ ಗದೆಯ ಒಂದು ಏಟಿಗೆ ನೀವು ಆಕಾಶಕ್ಕೆ ಹಾರುತ್ತೀರಿ. ಹಾಗೆ ಹಾರುವುದು ಮೊದಲಿಗೆ ಒಂದು ಬಗ್ ಆಗಿತ್ತು, ತಮಾಷೆಯಾಗಿದೆ ಅಂತ ಹಾಗೇ ಬಿಟ್ಟರು.

ಇಲ್ಲಿ ಗೇಮ್ ವಿನ್ಯಾಸಕರು ಪದೇ ಪದೇ ಎತ್ತುವ ಒಂದು ಹೆಸರು ಬರಲೇಬೇಕು: ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯಿ. ಕೆಲಸದ ಕಷ್ಟವೂ ನಮ್ಮ ಕೌಶಲವೂ ಹೊಂದಿಕೊಂಡಾಗ ಮನಸ್ಸು ಪೂರ್ತಿ ಮುಳುಗಿಹೋಗುತ್ತದೆ, ಕಷ್ಟ ಜಾಸ್ತಿಯಾದರೆ ಆತಂಕ, ಕಡಿಮೆಯಾದರೆ ಬೇಸರ ಅಂತ ಅವರು 1970ರ ದಶಕದಿಂದ ಹೇಳುತ್ತಾ ಬಂದರು. ಆ ಸ್ಥಿತಿಗೆ ಫ್ಲೋ ಅಂತ ಹೆಸರು. ಸ್ಕೇಲಿಂಗ್ ಸಮರ್ಥಿಸಲು ಇದನ್ನು ಬಳಸುವವರು ಒಂದು ಸಂಗತಿ ಮರೆಯುತ್ತಾರೆ. ಅವರು ಮಾತಾಡಿದ್ದು ಮನುಷ್ಯನ ಕೌಶಲದ ಬಗ್ಗೆ: ನಿಮ್ಮ ಬೆರಳು, ಕಣ್ಣು, ಸಮಯಪ್ರಜ್ಞೆ. ಗೇಮ್ ನೋಡುವುದು ಪಾತ್ರದ ಲೆವೆಲ್. ಹತ್ತು ವರ್ಷದಿಂದ ಆಡುತ್ತಿರುವವರ ಲೆವೆಲ್ 1ರ ಪಾತ್ರಕ್ಕೂ, ನಿನ್ನೆ ಕಂಟ್ರೋಲರ್ ಹಿಡಿದವರ ಲೆವೆಲ್ 1ರ ಪಾತ್ರಕ್ಕೂ ಬರುವುದು ಅದೇ ಬಡಕಲು ತೋಳ.

ಕೆಲವು ಗೇಮ್‌ಗಳು ಬೇರೆ ಏನನ್ನಾದರೂ ಎಣಿಸಿ ನೋಡಿವೆ. 2017ರ ಜೆಲ್ಡಾದಲ್ಲಿ, ಅಂದರೆ ಬ್ರೆತ್ ಆಫ್ ದ ವೈಲ್ಡ್‌ನಲ್ಲಿ, ಪಾತ್ರಕ್ಕೆ ಲೆವೆಲ್ಲೇ ಇಲ್ಲ. ಆದರೆ ಒಳಗೊಳಗೇ ಒಂದು ಲೆಕ್ಕ ನಡೆಯುತ್ತಿರುತ್ತದೆ: ನೀವು ಯಾವ ಶತ್ರುಗಳನ್ನು ಕೊಂದಿರಿ, ಅದಕ್ಕೆ ಎಷ್ಟು ಅಂಕ. ಅಂಕ ಏರಿದಂತೆ ಕೆಂಪು ಬೊಕೊಬ್ಲಿನ್‌ಗಳ ಜಾಗದಲ್ಲಿ ನೀಲಿ, ಆಮೇಲೆ ಕಪ್ಪು, ಆಮೇಲೆ ಬೆಳ್ಳಿ ಬಣ್ಣದವು ಬರುತ್ತವೆ, ಅವುಗಳ ಕೈಯಲ್ಲಿನ ಆಯುಧಗಳೂ ಉತ್ತಮವಾಗುತ್ತವೆ. ಈ ಲೆಕ್ಕವನ್ನು ಗೇಮ್ ಎಲ್ಲೂ ತೋರಿಸುವುದಿಲ್ಲ. ಕಾಣದ ಅಳತೆಗೋಲಿಗೆ ಮೋಸ ಮಾಡುವುದು ಕಷ್ಟ, ಹಾಗಾಗಿ ಇಲ್ಲಿ ಗುಡ್‌ಹಾರ್ಟ್ ಕಾಟ ಕಡಿಮೆ. ಜೊತೆಗೆ ಬಣ್ಣ ಬದಲಾಗುವುದರಿಂದ ಇವನು ಬೇರೆಯವನು ಅಂತ ಕಣ್ಣಿಗೂ ಒಪ್ಪುತ್ತದೆ.

ನೂರಾರು ಜನ ಒಂದೇ ಬಯಲಿನಲ್ಲಿ ಆಡುವ ಗೇಮ್‌ಗಳಲ್ಲಿ ಇದೆಲ್ಲ ಇನ್ನೂ ಜಟಿಲ. ಯಾರ ಲೆವೆಲ್ ನೋಡುವುದು? 2012ರ ಗಿಲ್ಡ್ ವಾರ್ಸ್ 2 ಉಲ್ಟಾ ಮಾಡಿತು: ಶತ್ರುವನ್ನು ಏರಿಸದೆ, ಸಣ್ಣ ಲೆವೆಲ್ಲಿನ ಪ್ರದೇಶಕ್ಕೆ ಬಂದ ದೊಡ್ಡ ಆಟಗಾರರನ್ನೇ ಕೆಳಗಿಳಿಸಿತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2016ರಲ್ಲಿ ಬಂದ ಲೀಜನ್ ಅನ್ನುವ ತನ್ನ ಹೊಸ ಕಂತಿನಲ್ಲಿ ಇನ್ನೊಂದು ಉಪಾಯ ಮಾಡಿತು. ಒಂದೇ ಕಾಡುಹಂದಿಯನ್ನು ಇಬ್ಬರು ಒಟ್ಟಿಗೆ ಹೊಡೆಯುತ್ತಿದ್ದರೆ ಒಬ್ಬರ ಪರದೆಯಲ್ಲಿ ಅದರ ಲೆವೆಲ್ 101, ಇನ್ನೊಬ್ಬರ ಪರದೆಯಲ್ಲಿ 109. ಹೆಲ್ತ್ ಅಂಕಿಗಳೂ ಬೇರೆ ಬೇರೆ. ಇಬ್ಬರಿಗೂ ಒಂದೇ ಆಗಿರುವುದು ಶೇಕಡಾವಾರು ಲೆಕ್ಕ: ಅರ್ಧ ಸತ್ತ ಹಂದಿ ಇಬ್ಬರಿಗೂ ಅರ್ಧ ಸತ್ತ ಹಂದಿಯೇ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದಾಗ 2017ರ ಮಾರ್ಚ್‌ನಲ್ಲಿ 7.2 ಅನ್ನುವ ಪ್ಯಾಚ್, ಅಂದರೆ ಗೇಮ್‌ಗೆ ಮಾಡಿದ ತಿದ್ದುಪಡಿ, ಬಂತು. ಲೆವೆಲ್ಲಿನ ತುದಿ ಮುಟ್ಟಿದವರಿಗೆ ಆಟ ಸಪ್ಪೆಯಾಗಬಾರದು ಅಂತ ಶತ್ರುಗಳು ಈಗ ಆಟಗಾರರು ತೊಟ್ಟಿರುವ ಕವಚ, ಆಯುಧಗಳ ಗುಣಮಟ್ಟವನ್ನೂ ನೋಡತೊಡಗಿದವು. ಜನ ಕೂತು ಲೆಕ್ಕ ಹಾಕಿದರು. ಕೆಲವು ಆಭರಣಗಳಿಂದ ಬರುವ ಬಲಕ್ಕಿಂತ, ಅವನ್ನು ಹಾಕಿಕೊಂಡರೆ ಶತ್ರುವಿಗೆ ಬರುವ ಬಲವೇ ಜಾಸ್ತಿ ಅಂತ ಗೊತ್ತಾಯಿತು. ಬಿಚ್ಚಿಟ್ಟು ಹೊಡೆದರೆ ಬೇಗ ಸಾಯುತ್ತಿದ್ದವು! ತಿಂಗಳುಗಟ್ಟಲೆ ಕಷ್ಟಪಟ್ಟು ಗಳಿಸಿದ ಒಡವೆಯನ್ನು ಚೀಲಕ್ಕೆ ಹಾಕಿ ಹಂದಿ ಬೇಟೆಗೆ ಹೊರಡುವ ಪರಿಸ್ಥಿತಿ. ಗದ್ದಲ ಎದ್ದಿತು, ಕಂಪನಿ ಬೇಗನೇ ಆ ಸ್ಕೇಲಿಂಗನ್ನು ತಗ್ಗಿಸಿತು. 2018ರ ಜನವರಿಯಲ್ಲಿ ಹಳೆಯ ಪ್ರದೇಶಗಳಿಗೂ ಸ್ಕೇಲಿಂಗ್ ತಂದಾಗ ನೋಡಿದ್ದು ಕವಚವನ್ನಲ್ಲ, ಬರೀ ಲೆವೆಲ್ಲನ್ನ. ಒಂದೊಂದು ಪ್ರದೇಶಕ್ಕೂ ಇಷ್ಟರಿಂದ ಇಷ್ಟರವರೆಗೆ ಅಂತ ಬೇಲಿ ಇತ್ತು, ಅದು ದಾಟಿದ ಮೇಲೆ ಅಲ್ಲಿನ ಹಂದಿಗಳು ಹಿಂದೆಯೇ ಉಳಿದವು.