ಲೆಮ್ಮಿಂಗ್ಸ್ ಆಡುವಾಗ ನೆಲ ನೋಡಿ

ಲೆಮ್ಮಿಂಗ್ಸ್ ಆಟಕ್ಕೆ ಹೊಸದಾಗಿ ಕೂತವರು ಹಸಿರು ಕೂದಲಿನ ಆ ಪುಟ್ಟ ಪ್ರಾಣಿಗಳನ್ನೇ ನೋಡುತ್ತಾ ಕೂರುತ್ತಾರೆ. ಅದಕ್ಕೇ ಸೋಲುತ್ತಾರೆ. ಈ ಕಂಪ್ಯೂಟರ್ ಆಟದಲ್ಲಿ ನಮ್ಮ ಕೆಲಸ ಅವನ್ನು ಸಾಯಲು ಬಿಡದೆ ಹೊರಬಾಗಿಲು ಮುಟ್ಟಿಸುವುದು. ಮೇಲಿನ ಬಾಗಿಲು ತೆರೆಯುತ್ತದೆ, ಪ್ರಾಣಿಗಳು ಒಂದರ ಹಿಂದೆ ಒಂದು ಉದುರುತ್ತವೆ, ನಡೆಯುತ್ತಲೇ ಹೋಗಿ ಗುಂಡಿಗೆ ಬೀಳುತ್ತವೆ, ನೀರಲ್ಲಿ ಮುಳುಗುತ್ತವೆ. ನಾವು ಗಾಬರಿಯಾಗಿ ಸಿಕ್ಕಸಿಕ್ಕ ಕಡೆ ಕ್ಲಿಕ್ ಮಾಡುತ್ತೇವೆ. ಆಮೇಲೆ ಎಂಥ ದಡ್ಡ ಪ್ರಾಣಿಗಳಪ್ಪಾ ಅಂತ ಬೈಯುತ್ತೇವೆ.

ಅವು ದಡ್ಡ ಹೌದು. ಬೇಕಂತಲೇ ಹಾಗೆ ಮಾಡಿದ್ದಾರೆ. ಕಂಪ್ಯೂಟರ್ ಆಟಗಳಲ್ಲಿ ಇದಕ್ಕಿಂತ ಚೆಂದದ ಐಡಿಯಾ ನಾನು ಕಂಡಿಲ್ಲ.

ಸ್ಕಾಟ್ಲೆಂಡಿನ ಡಂಡೀ ಊರಿನ ಡಿಎಂಎ ಡಿಸೈನ್ ಎಂಬ ಸಣ್ಣ ಕಂಪನಿ ಇದನ್ನು ಮಾಡಿದ್ದು. ಅಮಿಗಾ ಕಂಪ್ಯೂಟರಿಗೆ ಆಟ ಬಂದದ್ದು 1991ರ ಫೆಬ್ರವರಿಯಲ್ಲಿ. ಅದಕ್ಕೂ ಒಂದೂವರೆ ವರ್ಷ ಮೊದಲು ಅಲ್ಲಿನವರು ಬೇರೊಂದು ಆಟಕ್ಕಾಗಿ ಚಿಕ್ಕ ಮನುಷ್ಯರ ಚಿತ್ರ ಬಿಡಿಸುತ್ತಿದ್ದರು. ಎಷ್ಟು ಚಿಕ್ಕದಾಗಿ ಬಿಡಿಸಬಹುದು ಅನ್ನುವ ಮಾತು ಬಂತು. ಮೈಕ್ ಡೈಲಿ ಎಂಬ ಹುಡುಗ ಎಂಟಕ್ಕೆ ಎಂಟು ಪಿಕ್ಸೆಲ್‌ಗಳ ಚೌಕದೊಳಗೆ ನಡೆಯುವ ಮನುಷ್ಯನನ್ನು ಕೂರಿಸಿ ತೋರಿಸಿದ. ಗ್ಯಾರಿ ಟಿಮ್ಮನ್ಸ್ ಆ ನಡಿಗೆಯನ್ನು ತಿದ್ದಿದರು. ಸಾಲಾಗಿ ನಡೆಯುವ ಆ ಪುಟಾಣಿಗಳನ್ನು ನೋಡಿ, ಇದರಲ್ಲೇ ಒಂದು ಆಟ ಇದೆಯಲ್ಲ ಅಂತ ಗುರುತಿಸಿದವರು ರಸೆಲ್ ಕೇ. ಗ್ರ್ಯಾಂಡ್ ಥೆಫ್ಟ್ ಆಟೋ ಶುರುವಾಗಿದ್ದೂ ಇದೇ ಕಂಪನಿಯಲ್ಲಿ, ಅದು ಆಮೇಲಿನ ಮಾತು.

ಈಗ ಒಂದೇ ಒಂದು ಪ್ರಾಣಿಯನ್ನು ಹತ್ತಿರದಿಂದ ನೋಡಿ. ಅದರ ತಲೆಯಲ್ಲಿ ಏನಿದೆ? ಮುಂದೆ ನಡಿ. ಸಣ್ಣ ದಿಣ್ಣೆ ಸಿಕ್ಕರೆ ಹತ್ತು. ಎತ್ತರದ ಗೋಡೆ ಅಡ್ಡ ಬಂದರೆ ತಿರುಗು. ಕಾಲಡಿ ನೆಲ ಇಲ್ಲದಿದ್ದರೆ ಬೀಳು. ಅಷ್ಟೇ. ಅದಕ್ಕೆ ಹೊರಬಾಗಿಲು ಎಲ್ಲಿದೆ ಗೊತ್ತಿಲ್ಲ. ಪಕ್ಕದಲ್ಲಿ ಇನ್ನೊಂದು ಪ್ರಾಣಿ ಇದೆ ಅನ್ನುವುದೂ ಗೊತ್ತಿಲ್ಲ. ಎದುರಿಗೆ ಬಂದರೆ ಒಂದರ ಮೈಯೊಳಗೆ ಒಂದು ಹಾದು ಹೋಗುತ್ತವೆ. ಅದು ನೋಡುವುದು ತನ್ನ ಕಾಲ ಬುಡದ ನಾಲ್ಕಾರು ಪಿಕ್ಸೆಲ್‌ಗಳನ್ನು ಮಾತ್ರ.

ಹೀಗಾಗಿಯೇ 512 ಕಿಲೋಬೈಟ್ ಮೆಮೊರಿಯ, ಸುಮಾರು 7 ಮೆಗಾಹರ್ಟ್ಸ್ ವೇಗದ ಅಮಿಗಾ 500 ಕೂಡ ಇಂಥ ನೂರು ಪ್ರಾಣಿಗಳನ್ನು ಒಟ್ಟಿಗೆ ಓಡಾಡಿಸುತ್ತಿತ್ತು. ಇನ್ನೊಂದು ಗುಟ್ಟೂ ಇದೆ. ಈ ಆಟದಲ್ಲಿ ನೆಲ ಅಂದರೆ ಸ್ಕ್ರೀನಿನ ಮೇಲಿನ ಚಿತ್ರವೇ. ಚಿತ್ರ ಇರುವ ಕಡೆ ಕಾಲಿಡಬಹುದು. ಒಂದು ಪಿಕ್ಸೆಲ್ ಅಳಿಸಿದರೆ ಅಷ್ಟು ನೆಲ ಹೋಯಿತು, ಒಂದು ಪಿಕ್ಸೆಲ್ ಬರೆದರೆ ಅಷ್ಟು ನೆಲ ಬಂತು. ಆಟಗಾರ ಮಾಡುವ ಕೆಲಸವೆಲ್ಲ ಹೆಚ್ಚು ಕಡಿಮೆ ಈ ಬರೆಯುವುದು ಮತ್ತು ಅಳಿಸುವುದು.

ಅದಕ್ಕೆ ಎಂಟು ಕಸುಬು ಕೊಟ್ಟಿದ್ದಾರೆ. ಬೇಕಾದ ಪ್ರಾಣಿಯ ಮೇಲೆ ಕ್ಲಿಕ್ ಮಾಡಿ ಅದಕ್ಕೊಂದು ಕಸುಬು ಕೊಡಬೇಕು. ಕ್ಲೈಂಬರ್ ಗೋಡೆ ಹತ್ತುತ್ತದೆ, ಫ್ಲೋಟರ್ ಛತ್ರಿ ಬಿಚ್ಚಿ ಮೆಲ್ಲಗೆ ಇಳಿಯುತ್ತದೆ. ಈ ಎರಡು ಕಸುಬು ಒಮ್ಮೆ ಕೊಟ್ಟರೆ ಕೊನೆವರೆಗೂ ಇರುತ್ತವೆ. ಬ್ಲಾಕರ್ ಕೈ ಚಾಚಿ ನಿಂತುಬಿಡುತ್ತದೆ, ಉಳಿದವಕ್ಕೆ ಅದೇ ಗೋಡೆ. ಬಾಂಬರ್ ಐದು ಎಣಿಸಿ ಸಿಡಿಯುತ್ತದೆ, ಜೊತೆಗೆ ಒಂದು ತುಂಡು ನೆಲವನ್ನೂ ಒಯ್ಯುತ್ತದೆ. ಡಿಗ್ಗರ್ ನೇರ ಕೆಳಕ್ಕೆ, ಬ್ಯಾಷರ್ ಅಡ್ಡಕ್ಕೆ, ಮೈನರ್ ಓರೆಯಾಗಿ ಕೆಳಕ್ಕೆ ಅಗೆಯುತ್ತವೆ. ಉಳಿದದ್ದು ಬಿಲ್ಡರ್.

ಬಿಲ್ಡರ್ ಕೆಲಸ ಮಾಡುವುದನ್ನು ತಾಳ್ಮೆಯಿಂದ ನೋಡಬೇಕು. ಬೆನ್ನ ಮೇಲಿನ ಚೀಲದಿಂದ ಒಂದು ಇಟ್ಟಿಗೆ ತೆಗೆದು ಮುಂದೆ ಇಡುತ್ತದೆ, ಅದರ ಮೇಲೆ ಕಾಲಿಡುತ್ತದೆ, ಇನ್ನೊಂದು ಇಡುತ್ತದೆ. ಒಟ್ಟು 12 ಇಟ್ಟಿಗೆ. ಕೊನೆಯ ಮೂರು ಇಡುವಾಗ ಟಿಣ್ ಟಿಣ್ ಅಂತ ಸದ್ದು ಬರುತ್ತದೆ. ಅದು ನಮಗೆ ಎಚ್ಚರಿಕೆ. ಇಟ್ಟಿಗೆ ಮುಗಿದ ಮೇಲೆ ಬಿಲ್ಡರ್ ಒಂದು ಕ್ಷಣ ನಿಂತು ಭುಜ ಕುಣಿಸುತ್ತದೆ. ಸೇತುವೆ ಇನ್ನೂ ಉದ್ದ ಬೇಕಿದ್ದರೆ ಆ ಕ್ಷಣದಲ್ಲೇ ಮತ್ತೆ ಬಿಲ್ಡರ್ ಕೊಡಬೇಕು. ತಪ್ಪಿದರೆ ಅದು ತಾನೇ ಕಟ್ಟಿದ ಸೇತುವೆಯ ತುದಿಯಿಂದ ಕೆಳಕ್ಕೆ ನಡೆದುಬಿಡುತ್ತದೆ. ಹಿಂದೆ ಬರುವವೂ ಹಾಗೇ ಹೋಗುತ್ತವೆ.

ಹಿಂದೆ ಬರುವವಕ್ಕೆ ಯಾರೂ ಏನೂ ಹೇಳಿಲ್ಲ. ಅವು ಆ ಮೆಟ್ಟಿಲು ಹತ್ತುವುದು ಅದು ಅಲ್ಲಿದೆ ಅಂತ ಮಾತ್ರ. ಮುಂದಿನ ಪ್ರಾಣಿ ನೆಲಕ್ಕೆ ಏನೋ ಮಾಡಿತು, ನೆಲ ಹಿಂದಿನದಕ್ಕೆ ದಾರಿ ಕೊಟ್ಟಿತು. ಸುದ್ದಿ ದಾಟಿದ್ದು ನೆಲದ ಮೂಲಕ.

ನಿಸರ್ಗದಲ್ಲಿ ಇದು ಹೊಸದೇನಲ್ಲ. ಫ್ರಾನ್ಸಿನ ಪ್ರಾಣಿವಿಜ್ಞಾನಿ ಪಿಯರ್ ಪಾಲ್ ಗ್ರಾಸೆ ಗೆದ್ದಲುಗಳನ್ನು ನೋಡಿ 1959ರಲ್ಲಿ ಇದಕ್ಕೆ ಸ್ಟಿಗ್ಮರ್ಜಿ ಅಂತ ಹೆಸರಿಟ್ಟರು. ಒಂದು ಗೆದ್ದಲು ಮಣ್ಣಿನ ಉಂಡೆ ಇಡುತ್ತದೆ. ಆ ಉಂಡೆಯೇ ಇನ್ನೊಂದಕ್ಕೆ ಇಲ್ಲೂ ಒಂದು ಇಡು ಅನ್ನುವ ಸೂಚನೆ. ಮೇಸ್ತ್ರಿ ಇಲ್ಲ, ನಕ್ಷೆ ಇಲ್ಲ. ಆದರೂ ಆಳೆತ್ತರದ ಹುತ್ತ ಏಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಗೆದ್ದಲು ಮಣ್ಣನ್ನು ಎಷ್ಟು ಹದವಾಗಿ ಕಲಸುತ್ತದೆ ಅನ್ನುವುದರ ಮೇಲೆ ಒಳ್ಳೆಯ ಸಂಶೋಧನೆ ಆಗಿದೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಂತೆ ಅನ್ನುವ ಗಾದೆ ನಮ್ಮಲ್ಲೇ ಇದೆ. ಅಂದರೆ ಕಟ್ಟಿದ್ದು ಯಾರು ಅಂತ ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹುತ್ತ ಕಂಡರೆ ಹಾವಿಗೆ ಹಾಲು ಎರೆಯುತ್ತೇವೆ. ಸುರಿದ ಹಾಲು ಆ ಕುಸುರಿ ಕೆಲಸದ ಮಣ್ಣನ್ನೇ ಕೆಡಿಸುತ್ತದೆ. ಹಾಲು ಹಾವಿನ ಆಹಾರವೂ ಅಲ್ಲ.

ಮೂಢನಂಬಿಕೆ ಅಂದ ಮೇಲೆ ಆಟದ ಹೆಸರಿನ ಹಿಂದಿರುವ ಸುಳ್ಳನ್ನೂ ಹೇಳಲೇಬೇಕು. ಇದನ್ನು ಓದಿಕೊಂಡವರೂ ಇವತ್ತಿಗೂ ನಂಬುತ್ತಾರೆ. ಲೆಮ್ಮಿಂಗ್ ಅನ್ನುವುದು ಉತ್ತರ ಧ್ರುವದ ಕಡೆಯ ಚಳಿನಾಡಿನಲ್ಲಿರುವ, ಇಲಿ ಜಾತಿಯ ಗುಂಡು ಪ್ರಾಣಿ. ಇವು ಹಿಂಡುಗಟ್ಟಿ ಬಂಡೆಯಿಂದ ಹಾರಿ ಸಾಯುತ್ತವೆ ಅನ್ನುವ ಕಥೆ ಇದೆಯಲ್ಲ, ಅದು ಶುದ್ಧ ಸುಳ್ಳು. 16ನೇ ಶತಮಾನದ ಯುರೋಪಿನಲ್ಲಿ ಇವು ಬಿರುಗಾಳಿಯ ಹೊತ್ತಿಗೆ ಆಕಾಶದಿಂದ ಉದುರುತ್ತವೆ ಅಂತ ಬರೆದವರಿದ್ದರು. 17ನೇ ಶತಮಾನದಲ್ಲಿ ಡೆನ್ಮಾರ್ಕಿನ ಓಲೆ ವರ್ಮ್ ಒಂದನ್ನು ಕೊಯ್ದು ನೋಡಿ, ಒಳಗೆಲ್ಲ ಬೇರೆ ಇಲಿಗಳ ಹಾಗೇ ಇದೆ ಅಂತ ತೋರಿಸಿದರು. ಆತ್ಮಹತ್ಯೆಯ ಕಥೆಯನ್ನು ಜಗತ್ತಿನ ತಲೆಯಲ್ಲಿ ಗಟ್ಟಿಯಾಗಿ ಕೂರಿಸಿದ್ದು ಮಾತ್ರ 1958ರ ಡಿಸ್ನಿ ಸಾಕ್ಷ್ಯಚಿತ್ರ 'ವೈಟ್ ವೈಲ್ಡರ್ನೆಸ್'. ಅದಕ್ಕೆ ಆಸ್ಕರ್ ಕೂಡ ಬಂತು. 1982ರಲ್ಲಿ ಕೆನಡಾದ ಸಿಬಿಸಿ ವಾಹಿನಿ ಅದರ ಬಣ್ಣ ಬಯಲು ಮಾಡಿತು. ಚಿತ್ರೀಕರಣ ನಡೆದ ಆಲ್ಬರ್ಟಾದ ಆ ಜಾಗದಲ್ಲಿ ಲೆಮ್ಮಿಂಗ್‌ಗಳೇ ಇರಲಿಲ್ಲ. ಬೇರೆ ಕಡೆಯಿಂದ ಕೊಂಡು ತಂದು, ಹಿಮ ಹೊದಿಸಿದ ತಿರುಗುವ ಹಲಗೆಯ ಮೇಲೆ ಓಡಿಸಿ, ದೊಡ್ಡ ಹಿಂಡಿನ ಹಾಗೆ ಕಾಣಿಸಿ, ಕೊನೆಗೆ ನೀರಿಗೆ ಬೀಳುವಂತೆ ಮಾಡಿದ್ದರು. ಅಷ್ಟು ಪ್ರಾಣಿಗಳನ್ನು ಸಾಯಿಸಿ ಅದಕ್ಕೆ ಆತ್ಮಹತ್ಯೆ ಅಂತ ಹೆಸರಿಟ್ಟದ್ದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ನಿಜ ಸಂಗತಿ ಈ ಸುಳ್ಳಿಗಿಂತ ಎಷ್ಟೋ ಚೆನ್ನಾಗಿದೆ. ಮೂರ್ನಾಲ್ಕು ವರ್ಷಕ್ಕೊಮ್ಮೆ ಇವುಗಳ ಸಂಖ್ಯೆ ವಿಪರೀತ ಏರುತ್ತದೆ, ಆಮೇಲೆ ದಿಢೀರ್ ಕುಸಿಯುತ್ತದೆ. ಗ್ರೀನ್‌ಲ್ಯಾಂಡಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ನಾಲ್ಕು ಬೇಟೆಗಾರ ಪ್ರಾಣಿಗಳ ಲೆಕ್ಕ ಹಿಡಿದರೆ ಸಾಕು, ಅಲ್ಲಿನ ಏರಿಳಿತವೆಲ್ಲ ಅರ್ಥವಾಗುತ್ತದೆ ಅಂತ ತೋರಿಸಿತು. ಹಿಮಗೂಬೆ, ಧ್ರುವದ ನರಿ, ಸ್ಕೂವಾ ಹಕ್ಕಿ ಮತ್ತು ಸ್ಟೋಟ್ ಎಂಬ ಪುಟ್ಟ ಮಾಂಸಾಹಾರಿ. ಸಂಖ್ಯೆ ಜಾಸ್ತಿಯಾದ ವರ್ಷ ಹೊಸ ಜಾಗ ಹುಡುಕಿ ಹೊರಟ ಲೆಮ್ಮಿಂಗ್‌ಗಳು ನದಿ ಈಜುವಾಗ ಕೆಲವು ಮುಳುಗುತ್ತವೆ. ಅಷ್ಟೇ ಆಗಿದ್ದು. ನಮ್ಮ ಅಸ್ಸಾಮಿನ ಜಟಿಂಗಾದಲ್ಲೂ ಹಕ್ಕಿಗಳು ಆತ್ಮಹತ್ಯೆ ಮಾಡಿಕೊಳ್ಳುತ್ತವೆ ಅಂತ ವರ್ಷಾನುಗಟ್ಟಲೆ ಬರೆದರು. ಮಂಜು ಕವಿದ ಕತ್ತಲ ರಾತ್ರಿ ದಿಕ್ಕು ತಪ್ಪಿದ ಹಕ್ಕಿಗಳು ದೀಪದ ಕಡೆ ಬರುತ್ತಿದ್ದವು, ಜನ ಬಿದಿರಿನ ಕೋಲು ಹಿಡಿದು ಹೊಡೆಯುತ್ತಿದ್ದರು. ಪ್ರಾಣಿ ಸಾಯುವುದಕ್ಕೆ ಪ್ರಾಣಿಯ ಮನಸ್ಸನ್ನೇ ಹೊಣೆ ಮಾಡುವ ಮೊದಲು ಸುತ್ತ ಏನಿದೆ ಅಂತ ನೋಡಬೇಕು, ಅಲ್ವಾ?

ಆಟದಲ್ಲೂ ಮಾಡಬೇಕಾದ್ದು ಅದೇ. ಮೊದಲ ಲೆವೆಲ್‌ನಲ್ಲಿ ಒಂದು ಡಿಗ್ಗರ್ ಕೊಟ್ಟರೆ ದಾರಿ ಆಯಿತು, ಅದರಲ್ಲಿ ಹೇಳುವಂಥದ್ದು ಇಲ್ಲ. ಕಷ್ಟ ಶುರುವಾಗುವುದು ಗುಂಪು ದೊಡ್ಡದಾದಾಗ. ಆಗ ಗುಂಪನ್ನು ಒಂದು ಕಡೆ ಕೂಡಿಹಾಕಿ, ಒಂದನ್ನು ಮಾತ್ರ ಮುಂದೆ ಕಳಿಸಿ ರಸ್ತೆ ಮಾಡಿಸಬೇಕು. ಎರಡು ಬ್ಲಾಕರ್ ನಿಲ್ಲಿಸಿದರೆ ಕೂಡಿಹಾಕಬಹುದು, ಆದರೆ ಬ್ಲಾಕರ್ ತಾನಾಗಿ ಅಲ್ಲಿಂದ ಕದಲುವುದಿಲ್ಲ. ಸಿಡಿಸಬೇಕು, ಇಲ್ಲವೇ ಕಾಲಡಿಯ ನೆಲ ಅಗೆಸಬೇಕು. ನೆಲ ಹೋದರೆ ಅದು ಮತ್ತೆ ನಡೆಯತೊಡಗುತ್ತದೆ. ಎಲ್ಲವನ್ನೂ ಉಳಿಸಬೇಕಾದ ಲೆವೆಲ್‌ಗಳಲ್ಲಿ ಡಿಗ್ಗರ್‌ನಿಂದ ಒಂದು ಗುಂಡಿ ತೋಡಿಸಿ. ಹಿಂದೆ ಬಂದವೆಲ್ಲ ಅದರೊಳಗೆ ಆಚೆ ಈಚೆ ಓಡಾಡಿಕೊಂಡಿರುತ್ತವೆ. ಆಮೇಲೆ ಬ್ಯಾಷರ್ ಕೊಟ್ಟು ಹೊರಗೆ ಬಿಡಿ. ಅಗೆಯುತ್ತಿರುವುದನ್ನು ನಿಲ್ಲಿಸಲು ಬಿಲ್ಡರ್ ಕೊಟ್ಟರೆ ಸಾಕು, ಗುದ್ದಲಿ ಬಿಟ್ಟು ಇಟ್ಟಿಗೆ ಹಿಡಿಯುತ್ತದೆ. ಕಟ್ಟುವಾಗ ಮುಂದೆ ಗೋಡೆ ತಾಗಿದರೆ ಬಿಲ್ಡರ್ ತಿರುಗಿಕೊಳ್ಳುತ್ತದೆ. ದಿಕ್ಕು ಬದಲಿಸಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ಇಷ್ಟೆಲ್ಲ ಗೊತ್ತಿದ್ದರೂ ಆಟದ ಕೊನೆಯ 30 ಲೆವೆಲ್‌ಗಳು, ಮೇಹೆಮ್ ಅಂತ ಕರೆಯುವವು, ಒದ್ದಾಡಿಸುತ್ತವೆ. ಇದು ಯಾಕಷ್ಟು ಕಷ್ಟ ಅನ್ನುವುದಕ್ಕೆ ಗಣಿತದ ಉತ್ತರವೇ ಇದೆ. ಒಂದು ಮದುವೆ ಅಡುಗೆ ಅಂದುಕೊಳ್ಳಿ. ಬೆಳ್ಳುಳ್ಳಿ ಹಾಕಬೇಕೋ ಬೇಡವೋ, ಬದನೆಕಾಯಿ ಇರಬೇಕೋ ಬೇಡವೋ, ಪಾಯಸಕ್ಕೆ ಬೆಲ್ಲವೋ ಸಕ್ಕರೆಯೋ, ಹೀಗೆ 30 ತೀರ್ಮಾನ ಭಟ್ಟರು ಮಾಡಬೇಕು. ಒಬ್ಬೊಬ್ಬ ನೆಂಟರೂ ಮೂರು ಮಾತು ಹೇಳಿ, ಮೂರರಲ್ಲಿ ಒಂದಾದರೂ ನಡೆಸಿಕೊಡಿ ಅನ್ನುತ್ತಾರೆ. ಎಲ್ಲರಿಗೂ ಸಮಾಧಾನವಾಗುವ ಅಡುಗೆ ಸಾಧ್ಯವಾ? ಯಾರಾದರೂ ಪಟ್ಟಿ ಬರೆದು ಕೊಟ್ಟರೆ ಸರಿಯಿದೆಯೋ ಇಲ್ಲವೋ ಬೇಗ ಹೇಳಬಹುದು. ಆ ಪಟ್ಟಿ ಹುಡುಕುವುದು ಕಷ್ಟ. 30 ತೀರ್ಮಾನಗಳನ್ನು ಬೇರೆ ಬೇರೆ ಥರ ಜೋಡಿಸಿದರೆ 107 ಕೋಟಿಗೂ ಜಾಸ್ತಿ ಅಡುಗೆಗಳಾಗುತ್ತವೆ.

2004ರಲ್ಲಿ ಗ್ರಹಾಂ ಕಾರ್ಮೋಡ್ ಎಂಬ ಕಂಪ್ಯೂಟರ್ ವಿಜ್ಞಾನಿ ಇಂಥ ಲೆಕ್ಕವನ್ನೇ ಲೆಮ್ಮಿಂಗ್ಸ್ ಲೆವೆಲ್ ಆಗಿ ಕಟ್ಟಬಹುದು ಅಂತ ಸಾಧಿಸಿ ತೋರಿಸಿದರು. ಹೌದು ಅಥವಾ ಬೇಡ ಅನ್ನುವುದು ಒಂದು ಪ್ರಾಣಿಯನ್ನು ಯಾವ ದಾರಿಗೆ ಬಿಡುತ್ತೀರಿ ಅನ್ನುವುದಾಗುತ್ತದೆ. ನೆಂಟರ ಬೇಡಿಕೆ ನೆಲದ ಆಕಾರವಾಗುತ್ತದೆ. ಎಷ್ಟೇ ದೊಡ್ಡ ಲೆವೆಲ್ ಕೊಟ್ಟರೂ ಬೇಗ ಬಿಡಿಸುವ ಒಂದು ವಿಧಾನ ನೀವು ಕಂಡುಹಿಡಿದರೆ, ಅಮೆರಿಕದ ಕ್ಲೇ ಗಣಿತ ಸಂಸ್ಥೆ 2000ದಲ್ಲಿ ಇಟ್ಟ ಹತ್ತು ಲಕ್ಷ ಡಾಲರ್ ಬಹುಮಾನದ ಒಂದು ಪ್ರಶ್ನೆಗೇ ಉತ್ತರ ಸಿಕ್ಕಂತೆ.

ಅಲ್ಲಿಗೂ ನಿಲ್ಲಲಿಲ್ಲ. ಜೊವಾನ್ನಿ ವಿಲ್ಯೆಟ್ಟಾ ಎಂಬ ಸಂಶೋಧಕ ಇನ್ನೂ ಮುಂದೆ ಹೋದರು. ಒಂದೇ ಒಂದು ಪ್ರಾಣಿ, ಬಿಲ್ಡರ್ ಮತ್ತು ಬ್ಯಾಷರ್ ಎಂಬ ಎರಡೇ ಕಸುಬು. ಇಷ್ಟಿದ್ದರೂ ಈ ಆಟ ಮದುವೆ ಅಡುಗೆಯ ಲೆಕ್ಕಕ್ಕಿಂತ ಕಷ್ಟ ಅಂತ ತಜ್ಞರು ನಂಬುವ ಗುಂಪಿಗೆ ಸೇರುತ್ತದೆ ಅಂತ ತೋರಿಸಿದರು. ಕಾರಣ ನೋಡಿ, ಎಷ್ಟು ಸೊಗಸಾಗಿದೆ. ಬಿಲ್ಡರ್ ಇಟ್ಟಿಗೆ ಇಡುತ್ತದೆ, ಬ್ಯಾಷರ್ ಅದನ್ನು ಒಡೆಯುತ್ತದೆ, ಬಿಲ್ಡರ್ ಮತ್ತೆ ಇಡಬಹುದು. ಒಂದು ಜಾಗದಲ್ಲಿ ಸೇತುವೆ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಅಂದರೆ ಆ ನೆಲ ನೆನಪಿಟ್ಟುಕೊಳ್ಳುತ್ತದೆ, ಬೇಕಾದಾಗ ಬದಲಾಗುತ್ತದೆ. ತಲೆಯಲ್ಲಿ ಏನೂ ಇಲ್ಲದ ಒಂದು ಪ್ರಾಣಿ ಆ ನೆಲದ ಮೇಲೆ ಓಡಾಡಿಕೊಂಡು ದೊಡ್ಡ ಲೆಕ್ಕವನ್ನೇ ಮಾಡುತ್ತದೆ. ಕಟ್ಟುವ ಕೆಲಸಕ್ಕೆ ಮಿತಿ ಹಾಕಿದರೆ ಈ ಹೆಚ್ಚಿನ ಕಷ್ಟ ಹೋಗುತ್ತದೆ, ಒಡೆಯುವ ಕೆಲಸಕ್ಕೆ ಮಿತಿ ಹಾಕಿದರೂ ಹೋಗುತ್ತದೆ ಅಂತಲೂ ಅವರೇ ಸಾಧಿಸಿದ್ದಾರೆ.

ಈ ಸಾಧನೆಗಳು ಬೇಕಾದಷ್ಟು ದೊಡ್ಡದಾಗಿ ಬೆಳೆಯುವ ಲೆವೆಲ್‌ಗಳ ಬಗ್ಗೆ. ಡಂಡೀಯವರು ಕೊಟ್ಟ 120 ಲೆವೆಲ್‌ಗಳಿಗೆ ಉತ್ತರ ಇದ್ದೇ ಇದೆ, ಮನುಷ್ಯರೇ ಬಿಡಿಸಿದ್ದಾರೆ. ಸಿಕ್ಕಿಕೊಂಡಾಗ ಆಟವನ್ನು ಕೊಂಚ ಹೊತ್ತು ನಿಲ್ಲಿಸಿ, ಹೊರಬಾಗಿಲಿಂದ ಹಿಂದಕ್ಕೆ ನೋಡುತ್ತಾ ಬನ್ನಿ. ಬಾಗಿಲಿಗೆ ಕಾಲಿಡಲು ಯಾವ ಕಡೆಯಿಂದ ನೆಲ ಬೇಕು? ಅದಕ್ಕೆ ಮೊದಲು ಯಾವ ಕಂದಕ? ಅದಕ್ಕೆ ಎಷ್ಟು ಬಿಲ್ಡರ್ ಬೇಕು, ನಿಮ್ಮ ಹತ್ತಿರ ಎಷ್ಟು ಉಳಿದಿವೆ? ಉಕ್ಕಿನ ತುಂಡುಗಳನ್ನು ಮೊದಲೇ ಗುರುತಿಸಿಕೊಳ್ಳಿ, ಅವನ್ನು ಯಾವುದರಿಂದಲೂ ಅಗೆಯಲು ಆಗದು. ಬಾಣದ ಗುರುತಿರುವ ಗೋಡೆಯನ್ನು ಬಾಣ ತೋರಿಸುವ ದಿಕ್ಕಿಗೆ ಮಾತ್ರ ಕೊರೆಯಬಹುದು. ಪ್ರಾಣಿಗಳು ಬೀಳುವ ವೇಗವನ್ನು ಲೆವೆಲ್ ಶುರುವಾದಾಗ ಇದ್ದುದಕ್ಕಿಂತ ಕಡಿಮೆ ಮಾಡಲು ಬರುವುದಿಲ್ಲ, ಜಾಸ್ತಿ ಮಾತ್ರ ಮಾಡಬಹುದು. ಹಾಗಾಗಿ ದಾರಿ ಪೂರ್ತಿ ಆಗುವ ತನಕ ಆ ಬಟನ್ ಮುಟ್ಟಬೇಡಿ. ಸೇತುವೆಯ ಕೊನೆಯ ಇಟ್ಟಿಗೆ ಆಚೆ ದಡಕ್ಕೆ ತಾಗಿದ ಮೇಲೆ ಪೂರ್ತಿ ಏರಿಸಿ, ಗುಂಪನ್ನು ಬಿಟ್ಟುಬಿಡಿ.